ಹೆಂಡತಿಯ ಲ್ಯಾಪ್‌ಟಾಪ್ ಉದ್ಧಾರ

ನನ್ನ ಹೆಂಡತಿ ವಿದ್ಯಾ ವಕೀಲೆ. ಅವಳ ಲ್ಯಾಪ್‌ಟಾಪ್ ಮುದಿ. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ, ತಿಂಡಿಗೆ ಪುಟ್ಟು ತಿಂದು ಬಂದರೆ ಅದು ಆಗಷ್ಟೇ ಕಣ್ಣು ಬಿಡುತ್ತಿರುತ್ತಿತ್ತು. ಕೊಚ್ಚಿಯ ಹೈಕೋರ್ಟಿನಲ್ಲಿ ಕೇಸಿದೆಯೆಂದು ಎರಡು ದಿನಕ್ಕೆ ಹೊರಟವಳು, "ಬೇಕಾದದ್ದೆಲ್ಲ ಪ್ರಿಂಟ್ ತೆಗ್ದಿದ್ದೇನೆ, ಈ ಭಾರ ಯಾರು ಹೊರುವುದು" ಎಂದು ಅದನ್ನು ತಿರುವನಂತಪುರದ ಮನೆಯಲ್ಲೇ ಬಿಟ್ಟಳು.

ನಾನು ಪಟ್ಟಂನ ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಅನುವಾದಕ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎರಡು ಬಾರಿ ಯಶಸ್ವಿಯಾಗಿ ಬಿಡಿಸಿದ ಅನುಭವದ ಬಲದಿಂದ, ಆ ಯಂತ್ರದ ಪುನರುಜ್ಜೀವನದ ಹೊಣೆಯನ್ನು ಸ್ವಯಂಪ್ರೇರಿತನಾಗಿ ವಹಿಸಿಕೊಂಡೆ. ಅದಕ್ಕಾಗಿ ಒಂದು ದಿನ ರಜೆಯನ್ನೂ ಹಾಕಿದೆ.

ಸಹೋದ್ಯೋಗಿಯೊಬ್ಬರು ಕೊಟ್ಟ ಪೆನ್‌ಡ್ರೈವಿನಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಇತ್ತು. ಹಳೆಯದಿರುವ ಸಿ ಡ್ರೈವನ್ನು ಮುಟ್ಟದೆ, ಖಾಲಿ ಬಿದ್ದಿರುವ ಡಿ ಡ್ರೈವನ್ನು ಒರೆಸಿ ಅಲ್ಲಿ ಹೊಸದನ್ನು ಹಾಕುವುದು ನನ್ನ ಯೋಜನೆ. ಆದರೆ ಪರದೆಯ ಮೇಲೆ ಸಿ, ಡಿ ಎಂಬ ಅಕ್ಷರಗಳೇ ಇರಲಿಲ್ಲ. ಪಾರ್ಟಿಷನ್ ಒಂದು, ಎರಡು, ಮೂರು ಎಂದಷ್ಟೇ ಇತ್ತು. ಸಿ ಮೊದಲನೆಯದು, ಡಿ ಎರಡನೆಯದು ಎಂದು ಲೆಕ್ಕ ಹಾಕಿ, ಎರಡನೆಯದರ ಮೇಲೆ ‘ಫಾರ್ಮ್ಯಾಟ್’ ಒತ್ತಿದೆ. ಎರಡೇ ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಆಗ ಒಂದು ಪ್ರಶ್ನೆ ಹುಟ್ಟಿತು: ಹಾಗಾದರೆ ಮೂರನೆಯದು ಯಾವುದು?

ಮೂರನೆಯದೇ ಡಿ. ನಾನು ಒರೆಸಿದ್ದು ಸಿ. ಮೊದಲನೆಯದು ಯಂತ್ರ ತನ್ನ ಖಾಸಗಿ ಕೆಲಸಕ್ಕೆ ಇಟ್ಟುಕೊಂಡ ಸಣ್ಣ ತುಂಡು. ಪೆನ್‌ಡ್ರೈವ್ ಕಿತ್ತು ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿದೆ. ಇಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ಮೂ ಇಲ್ಲ ಎಂದು ಕಪ್ಪು ಪರದೆ ನಿರ್ಭಾವದಿಂದ ತಿಳಿಸಿತು.

ಅಷ್ಟರಲ್ಲಿ ವಿದ್ಯಾಳ ಫೋನು.

"ಇವ್ರೇ, ಡೆಸ್ಕ್‌ಟಾಪಿನಲ್ಲಿ ನಾಳೆಯ ವಾದದ ಟಿಪ್ಪಣಿ ಉಂಟು. ಸೀನಿಯರ್‌ಗೆ ಫೈಲಿನಲ್ಲೇ ತಿದ್ದಬೇಕಂತೆ. ಒಮ್ಮೆ ಮೇಲ್ ಮಾಡಿ."

"ಈಗ ಕರೆಂಟಿಲ್ಲ."

"ಲ್ಯಾಪ್‌ಟಾಪಿಗೆ ಕರೆಂಟ್ ಎಂತಕ್ಕೆ? ಬ್ಯಾಟರಿ ಇಲ್ವಾ?"

"ಅದಕ್ಕೂ ಹುಷಾರಿಲ್ಲ."

"ಐದು ಗಂಟೆಯೊಳಗೆ ಬೇಕು ಮಾರಾಯ್ರೆ" ಎಂದು ಇಟ್ಟಳು. ಅವಳ ಆರು ವರ್ಷದ ಕೇಸುಗಳೆಲ್ಲ ಅದರಲ್ಲೇ ಇದ್ದವು.

ಎದುರು ಫ್ಲಾಟಿನ ಲೀಲಾ ಚೇಚಿಯದು, ಅಂದರೆ ಲೀಲಕ್ಕನದು, ಉಳ್ಳೂರ್ ಜಂಕ್ಷನ್ನಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಆಟೊ ಹತ್ತಿ "ಉಳ್ಳೂರ್" ಎಂದೆ. ಆಟೊದವನು ನನ್ನ ಮುಖ ನೋಡಿ, ಬೇರೇನೂ ಕೇಳದೆ ಅಲ್ಲೇ ಹತ್ತಿರದ ಮೆಡಿಕಲ್ ಕಾಲೇಜಿನ ಅಪಘಾತ ವಿಭಾಗದ ಎದುರು ತಂದು ನಿಲ್ಲಿಸಿದ. ಅಲ್ಲಿಂದ ಅಂಗಡಿಗೆ ಓಡಿದೆ.

ಚೇಚಿ ಕಥೆಯನ್ನೆಲ್ಲ ಕೇಳಿ ಕೈ ಅಡ್ಡ ಹಿಡಿದರು. "ಸಾರೇ, ಇನಿ ಒನ್ನುಂ ತೊಡಂಡ." ಇನ್ನು ಏನನ್ನೂ ಮುಟ್ಟುವುದು ಬೇಡ ಎಂದು. ಅಳಿಸಿಹೋದದ್ದು ಪುಸ್ತಕದ ಪರಿವಿಡಿ ಮಾತ್ರ, ಮೇಲೆ ಹೊಸದೇನೂ ಬರೆಯದಿದ್ದರೆ ಪುಟಗಳು ಸಿಗುತ್ತವೆ ಎಂದು ಸಮಾಧಾನ ಹೇಳಿದರು. ಡಿಸ್ಕ್ ಬಿಚ್ಚಿ ನೋಡಿ, ಹಳೆಯ ಮಾದರಿಯದಾದದ್ದು ನನ್ನ ಪುಣ್ಯ, ಹೊಸ ಮಾದರಿಯದಾಗಿದ್ದರೆ ಆಸೆ ಬಿಡಬೇಕಿತ್ತು ಎಂದರು.

ಅದನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ ಫೈಲುಗಳು ಒಂದೊಂದಾಗಿ ಮರಳಿದವು, ಆದರೆ ಹೆಸರಿಲ್ಲದೆ. ಎಲ್ಲಕ್ಕೂ ಬರೀ ನಂಬರು. ನಾನು ಒಂದೊಂದನ್ನೇ ತೆರೆದು ಹುಡುಕಿದೆ. ವಿಚ್ಛೇದನಗಳು, ಬೇಲಿ ತಗಾದೆಗಳು, ಒಂದು ಉಪ್ಪಿನಕಾಯಿಯ ಪಾಕವಿಧಾನ. ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಟಿಪ್ಪಣಿ ಸಿಕ್ಕಿತು. ಕಳಿಸಿ, ಅಂಗಡಿಯ ಸ್ಟೂಲಿನ ಮೇಲೆ ಕುಸಿದೆ. ಚೇಚಿ ಸಿ ಡ್ರೈವಿಗೆ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಹಾಕಿ, ಫೈಲುಗಳನ್ನು ತುಂಬಿಕೊಟ್ಟರು.

ಮರುದಿನ ಸಂಜೆ ವಿದ್ಯಾ ಬಂದಳು. ಕೇಸು ಮುಂದಕ್ಕೆ ಹೋಗಿತ್ತು. ಲ್ಯಾಪ್‌ಟಾಪ್ ತೆರೆದವಳ ಮುಖ ಅರಳಿತು.

"ಎಷ್ಟು ಬೇಗ ಬಂತು! ಎಂತ ಮಾಡಿದ್ರಿ ನೀವು?"

ಮದುವೆಯಾದ ಹದಿನಾರು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಆ ನೋಟವನ್ನು ಇನ್ನೊಂದು ನಿಮಿಷ ಅನುಭವಿಸಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಫೈಲುಗಳ ಪಟ್ಟಿ ತೆರೆದಳು; ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಎಲ್ಲವನ್ನೂ ಒಪ್ಪಿಕೊಂಡೆ.

ಅವಳು ಬೈಯಲಿಲ್ಲ. ನಗು ತಡೆಯುತ್ತ, "ನಿಮಗೆ ಊಟ ಆಗಿತ್ತಾ ನಿನ್ನೆ?" ಎಂದು ಕೇಳಿದಳು. ಆಮೇಲೆ ಅರ್ಧ ಗಂಟೆ ಏನೋ ಕುಟ್ಟುತ್ತ ಕೂತಳು.

ಈಗ ಅದರಲ್ಲಿ ಎರಡು ಖಾತೆಗಳಿವೆ. ಒಂದು ಅವಳದು, ಅದಕ್ಕೆ ಪಾಸ್‌ವರ್ಡ್ ಇದೆ. ಇನ್ನೊಂದು ನನಗೆಂದೇ ಮಾಡಿದ್ದು, ಅದರ ಹೆಸರು ‘ಅತಿಥಿ’. ಅತಿಥಿಗೆ ಸದ್ಯಕ್ಕೆ ಪತ್ರಿಕೆ ಓದಲು ಅನುಮತಿ ಇದೆ.