ಗೂಬೆ ಗೆಲ್ಲದು

ಭವಿಷ್ಯ ನುಡಿಯುವುದು ಅಂಥ ಕಷ್ಟದ ಕೆಲಸವೇನಲ್ಲ; ಅದನ್ನು ಯಾವ ಕ್ರಿಯಾಪದದಲ್ಲಿ ನುಡಿಯಬೇಕೆಂಬುದೇ ಕಷ್ಟ. ಜ್ಯೋತಿಷಿಗಳಾಗಲಿ, ಚುನಾವಣೆಯ ಮುನ್ನಾದಿನ ಹೋಟೆಲಿನ ಬೆಂಚಿನ ಮೇಲೆ ಕೂತು ಫಲಿತಾಂಶ ಪ್ರಕಟಿಸುವವರಾಗಲಿ ಈ ಬಗ್ಗೆ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ‘ಗೆಲ್ಲುತ್ತದೆ’ ಎಂದುಬಿಡುತ್ತಾರೆ. ‘ಗೆಲ್ಲುತ್ತದೆ’ ಎಂಬುದು ವರ್ತಮಾನಕಾಲ. ನಾಳಿನ ಸಂಗತಿಯನ್ನು ವರ್ತಮಾನದಲ್ಲಿ ಹೇಳುವುದೆಂದರೆ ನಾಳೆ ಬಡಿಸುವ ಊಟಕ್ಕೆ ಇಂದೇ ತೇಗಿದ ಹಾಗೆ. ನಿಜವಾದ ಭವಿಷ್ಯತ್ಕಾಲದ ರೂಪ ‘ಗೆಲ್ಲುವುದು’. ಪಾಪ, ಅದು ಈಗ ವ್ಯಾಕರಣ ಪುಸ್ತಕದ ಕೋಷ್ಟಕದಲ್ಲಿ ಮಾತ್ರ ಉಸಿರಾಡುತ್ತಿದೆ. ಗೆಲುವು ಸಂದೇಹವಾಗಿದ್ದರೆ ‘ಗೆದ್ದೀತು’ ಎನ್ನಬೇಕು, ಅದು ಸಂಭಾವನಾರ್ಥಕ. ಗೆಲುವೇ ಇಲ್ಲವೆಂದಾದರೆ ‘ಗೆಲ್ಲದು’, ಅದು ನಿಷೇಧಾರ್ಥಕ. ಗೆಲುವನ್ನು ಹಾರೈಸುವುದಾದರೆ ‘ಗೆಲ್ಲಲಿ’, ಅದು ವಿಧ್ಯರ್ಥಕ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ಇದನ್ನೇ ಬೋಧಿಸಿದವನು ನಾನು. ಈ ರೂಪಗಳ ಜಗಳದಲ್ಲಿ ಒಂದು ದಿನ ನಾನೇ ಸಿಕ್ಕಿಬೀಳುವೆನೆಂದು, ಅದೂ ಜಪಾನಿನಲ್ಲಿ, ಅದೂ ಐಸ್ ಹಾಕಿಯ ದೆಸೆಯಿಂದ ಸಿಕ್ಕಿಬೀಳುವೆನೆಂದು ಯಾವ ಜ್ಯೋತಿಷಿಯೂ ಯಾವ ಕಾಲದಲ್ಲಿಯೂ ನುಡಿದಿರಲಿಲ್ಲ.

ನನ್ನ ಹೆಂಡತಿ ಶಾಲಿನಿ ಸಗಮಿಹಾರಾದ ಬಾಹ್ಯಾಕಾಶ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಅವಳು ನೌಕೆಗಳನ್ನು ಕ್ಷುದ್ರಗ್ರಹಗಳತ್ತ ತಿರುಗಿಸುತ್ತಾಳೆ. ನಾನು ಮನೆಯಲ್ಲಿ ದೋಸೆ ತಿರುಗಿಸುತ್ತೇನೆ. ಇಬ್ಬರ ಕೆಲಸಕ್ಕೂ ಏಕಾಗ್ರತೆ ಬೇಕು. ನನ್ನ ವಿದ್ಯೆಗೆ ಇಲ್ಲಿ ಗಿರಾಕಿಗಳಿಲ್ಲ. ಇಂಥ ನಿರುದ್ಯೋಗದ ದಿನಗಳಲ್ಲಿ ನನ್ನನ್ನು ಐಸ್ ಹಾಕಿಯ ಅಂಕಣಕ್ಕೆ ಕರೆದುಕೊಂಡು ಹೋದವರು ಪಕ್ಕದ ಮನೆಯ ಮೊರಿ ಸಾನ್. ‘ಸಾನ್’ ಎಂದರೆ ನಮ್ಮ ‘ಅವರು’. ಉತ್ತರದ ಒಂದು ಬಂದರಿನ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಓದುಗರು ದಯವಿಟ್ಟು ಅವರ ಹೆಸರಿನ ಮೊದಲಕ್ಷರವನ್ನು ಹ್ರಸ್ವವಾಗಿಯೇ ಓದಬೇಕೆಂದು ವಿನಂತಿ. ಒಂದು ದೀರ್ಘ ಹೆಚ್ಚಾದರೆ ಆ ಸಜ್ಜನರು ಚರಂಡಿಯಾಗುತ್ತಾರೆ.

ಮೊದಲ ದಿನವೇ ನಾನು ಆ ಆಟಕ್ಕೆ ಮಾರುಹೋದೆ. ವೇಗಕ್ಕಾಗಲಿ ಸಾಹಸಕ್ಕಾಗಲಿ ಅಲ್ಲ. ತಪ್ಪು ಮಾಡಿದ ಆಟಗಾರನನ್ನು ಅಂಕಣದ ಅಂಚಿನ ಒಂದು ಗಾಜಿನ ಗೂಡಿನಲ್ಲಿ ಕೆಲಹೊತ್ತು ಕೂರಿಸುತ್ತಾರೆ. ಅಷ್ಟು ದೊಡ್ಡ ಆಳು ಹೆಲ್ಮೆಟ್ಟಿನೊಳಗೆ ಬೆವರುತ್ತ, ತನ್ನ ತಂಡ ಒಬ್ಬ ಕಡಿಮೆಯಾಗಿ ಒದ್ದಾಡುವುದನ್ನು ಕಣ್ಣಾರೆ ನೋಡುತ್ತ ಕೂತಿರಬೇಕು. ಹೊಡೆತವಿಲ್ಲ, ಬೈಗುಳವಿಲ್ಲ, ಬರೀ ಕೂರುವುದು. ಇಂಥದೊಂದು ಗೂಡು ನನ್ನ ತರಗತಿಯಲ್ಲಿ ಇದ್ದಿದ್ದರೆ ಅಲ್ಪಪ್ರಾಣ ಮಹಾಪ್ರಾಣಗಳ ಗತಿಯೇ ಬೇರೆಯಾಗುತ್ತಿತ್ತು. ಆಟದ ವ್ಯಾಕರಣವೂ ಸ್ವಚ್ಛವಾಗಿತ್ತು. ಜಾರುವ ಆ ಕಪ್ಪು ಬಿಲ್ಲೆ ಕರ್ಮಪದ. ಎಲ್ಲರೂ ಅದಕ್ಕೆ ಏನಾದರೂ ಮಾಡುತ್ತಾರೆ, ಅದು ಯಾರಿಗೂ ಏನೂ ಮಾಡುವುದಿಲ್ಲ. ಗೋಲ್‌ಕೀಪರ್ ಮೂರ್ತಿವೆತ್ತ ನಿಷೇಧಾರ್ಥಕ.

ಋತುವಿನ ಕೊನೆಯಲ್ಲಿ ಮೇಲಿನ ನಾಲ್ಕು ತಂಡಗಳು ಪ್ಲೇಆಫ್ ಆಡುತ್ತವೆ. ಆ ತಂಡಗಳಿಗೆ ನಮ್ಮ ಮನೆಯಲ್ಲಿ ನಾನೇ ಕನ್ನಡದ ಹೆಸರುಗಳನ್ನು ಕೊಟ್ಟಿದ್ದೆ. ಅವುಗಳಲ್ಲಿ ಈ ಕಥೆಗೆ ಬೇಕಾದವು ಎರಡು: ಲಾಂಛನದಲ್ಲಿ ನರಿ ಇದ್ದದ್ದು ‘ನರಿ’, ಗೂಬೆ ಇದ್ದದ್ದು ‘ಗೂಬೆ’. ಮೊರಿ ಸಾನ್ ಊರಿನ ಕಡೆಯದು ಗೂಬೆ ತಂಡ. ಜಪಾನಿನವರಿಗೆ ಗೂಬೆ ಶುಭ. ಗೂಬೆಯನ್ನು ಇಲ್ಲಿ ಫುಕುರೋ ಎನ್ನುತ್ತಾರೆ. ಆ ಶಬ್ದವನ್ನು ಒಡೆದರೆ ‘ಕಷ್ಟವಿಲ್ಲ’ ಎಂಬ ಅರ್ಥ ಬರುತ್ತದಂತೆ. ನಾನು ಬೆಳೆದ ಬೀದಿಯಲ್ಲಿ ಗೂಬೆ ಕೂಗಿದರೆ ಇಡೀ ಮನೆ ಎದ್ದು ಕೂರುತ್ತಿತ್ತು. ನರಿಯಾದರೋ, ಬೆಳಗಾಗೆದ್ದು ಅದರ ಮುಖ ನೋಡಿದರೆ ಅದೃಷ್ಟ. ನಾನು ಮೂಢನಂಬಿಕೆಯವನಲ್ಲ. ಗೋಲ್‌ಕೀಪರರ ಸಾಮರ್ಥ್ಯ, ಗಾಯಾಳುಗಳ ಸ್ಥಿತಿ, ಗಾಜಿನ ಗೂಡಿನಲ್ಲಿ ಯಾವ ತಂಡ ಹೆಚ್ಚು ಕೂರುತ್ತದೆ ಎಂಬುದನ್ನೆಲ್ಲ ಕ್ರಮಬದ್ಧವಾಗಿ ಪರಿಶೀಲಿಸಿಯೇ ಭವಿಷ್ಯ ನುಡಿಯುತ್ತೇನೆ. ಆದರೂ ಪ್ರತಿ ಸಲವೂ ಆ ಪರಿಶೀಲನೆ ನರಿಯ ಪರವಾಗಿಯೇ ಮುಗಿಯುತ್ತಿತ್ತೆಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ.

ಇನ್ನು ನಮ್ಮ ಮಗಳು ಇಳಾ. ಅಂಬೆಗಾಲಿಡುವ ವಯಸ್ಸಿನಲ್ಲಿ ಇಲ್ಲಿಗೆ ಬಂದವಳು ಈಗ ಮಾಧ್ಯಮಿಕ ಶಾಲೆಯಲ್ಲಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲವೂ ಅವಳಿಗೆ ಅರ್ಥವಾಗುತ್ತದೆ; ಉತ್ತರ ಮಾತ್ರ ಜಪಾನಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಕಳೆದ ಚಳಿಗಾಲ ಸ್ಕೇಟಿಂಗ್ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ಅಪರೂಪಕ್ಕೆ ಕನ್ನಡದಲ್ಲಿ, “ಅಪ್ಪ, ನಾನು ಇವತ್ತು ಬಿದ್ದಿತು” ಎಂದಳು. “ಬಿದ್ದೆ,” ಎಂದೆ ನಾನು. “ಉತ್ತಮ ಪುರುಷ, ಏಕವಚನ. ‘ಬಿದ್ದಿತು’ ಎಂದರೆ ನಪುಂಸಕ ಲಿಂಗವಾಗುತ್ತದೆ.” ಅವಳ ಮೊಣಕಾಲು ತರಚಿರುವುದನ್ನು ನೋಡಿದ್ದು ಶಾಲಿನಿ. ಔಷಧ ಹಚ್ಚಿಸಿಕೊಳ್ಳುತ್ತಲೇ ಇಳಾ ನನ್ನ ಕಡೆ ತಿರುಗಿ, “ಯು ಡೋಂಟ್ ಲಿಸನ್, ಅಪ್ಪ. ಯು ಓನ್ಲಿ ಕರೆಕ್ಟ್,” ಎಂದಳು. ನಾನು ಕೇಳಿಸಿಕೊಳ್ಳುವುದಿಲ್ಲ, ತಿದ್ದುವುದಷ್ಟೇ ನನ್ನ ಕೆಲಸವೆಂಬುದು ಆರೋಪ. ಅಂದಿನಿಂದ ಮನೆಯಲ್ಲಿ ಕನ್ನಡ ಮಾತಾಡುವವರು ಇಬ್ಬರೇ ಆದೆವು.

ಪ್ಲೇಆಫ್ ಬಂದಾಗ ಇಳಾಳೇ ಬಾಜಿ ಕಟ್ಟಿದಳು. ಅವಳು ಗೂಬೆ ತಂಡದ ಭಕ್ತೆ. ಶಾಲೆಯ ಚೀಲಕ್ಕೂ ಗೂಬೆ, ಚಪ್ಪಲಿಗೂ ಗೂಬೆ. ಯಾರ ಭವಿಷ್ಯ ಹೆಚ್ಚು ಸರಿಯಾಗುತ್ತದೋ ಅವರು ಗೆದ್ದಂತೆ. ನಾನು ಗೆದ್ದರೆ ಮುಂದಿನ ಪ್ಲೇಆಫ್‌ವರೆಗೆ ರಾತ್ರಿಯ ಊಟದಲ್ಲಿ ಅವಳು ಕನ್ನಡವನ್ನೇ ಆಡಬೇಕು. ಅವಳು ಗೆದ್ದರೆ ನಾನು ಅಷ್ಟೇ ಕಾಲ ಅವಳ ಯಾವ ಮಾತನ್ನೂ ತಿದ್ದಕೂಡದು.

“ನೀವು ಇದರಲ್ಲಿ ಗೆದ್ದ ಹಾಗೇ!” ಎಂದಳು ಶಾಲಿನಿ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ಗಮನಿಸಿ: ರೂಪ ಇತ್ಯಾತ್ಮಕ, ಅರ್ಥ ಪೂರ್ಣ ನಿಷೇಧ.

ನಿಯಮಗಳನ್ನು ನಾನು ರೂಪಿಸಿದೆ. ಆಟ ಶುರುವಾಗುವ ಮೊದಲೇ ಭವಿಷ್ಯ ತಿಳಿಸಬೇಕು. ಕನ್ನಡದಲ್ಲಿಯೇ ತಿಳಿಸಬೇಕು. ಬರೆದು ಕಳಿಸುವುದಾದರೆ ಕನ್ನಡ ಲಿಪಿಯಲ್ಲೇ ಬರೆಯಬೇಕು, ರೋಮನ್ ಅಕ್ಷರಗಳ ಕನ್ನಡ ಅಸಿಂಧು. ಇಬ್ಬರೂ ಒಂದೇ ತಂಡವನ್ನು ಆರಿಸಕೂಡದು. ಚಿಕ್ಕವಳಾದ್ದರಿಂದ ಮೊದಲ ಆಯ್ಕೆ ಅವಳದು, ಉಳಿದದ್ದು ನನ್ನದು. ನಿಯಮಗಳನ್ನು ಓದಿ ಹೇಳಿದಾಗ ನನಗೇ ಅವುಗಳ ಬಿಗಿಯಾದ ವಾಕ್ಯರಚನೆಯ ಬಗ್ಗೆ ಹೆಮ್ಮೆಯೆನಿಸಿತು. ಎರಡು ಉಪಾಂತ್ಯಗಳಲ್ಲಿ ಒಂದು ಅವಳಿಗೆ ಸರಿಬಂತು, ಒಂದು ನನಗೆ. ಫೈನಲ್ಲಿಗೆ ಬಂದವು ನರಿ ಮತ್ತು ಗೂಬೆ.

ಆ ಶನಿವಾರ ಮಧ್ಯಾಹ್ನ ಇಳಾ ಶಾಲೆಯ ಬ್ಯಾಂಡ್ ಅಭ್ಯಾಸಕ್ಕೆ ಹೋಗಿದ್ದಳು. ಆಟ ಶುರುವಾಗುವ ಹೊತ್ತಿಗೆ ಅವಳಿನ್ನೂ ರೈಲಿನಲ್ಲಿದ್ದಳು. ಇಲ್ಲಿ ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಹಾಗಾಗಿ ಸಂದೇಶ ಬಂತು. ಎರಡೇ ಪದ, ಕನ್ನಡ ಲಿಪಿಯಲ್ಲಿ: ‘ಗೂಬೆ ಗೆಲ್ಲದು.’

ನನ್ನ ಮಗಳು ಯಾರ ಸಹಾಯವೂ ಇಲ್ಲದೆ ಬರೆದ ಮೊದಲ ಕನ್ನಡ ವಾಕ್ಯ ಅದು. ನನ್ನ ಕಣ್ಣು ತೇವವಾಯಿತು. ಪಡಸಾಲೆಗೆ ಓಡಿ, “ಶಾಲಿನಿ, ನೋಡು! ನಿಷೇಧಾರ್ಥಕ! ‘ಗೆಲ್ಲೋದಿಲ್ಲ’ ಅಂತ ಬರೆದಿಲ್ಲ, ‘ಗೆಲ್ಲದು’ ಅಂತ ಬರೆದಿದ್ದಾಳೆ! ಯಾರೂ ಕಲಿಸದೆ!” ಎಂದೆ.

“ಅವಳು ಗೂಬೆ ಬಿಟ್ಟು ನರಿ ಹಿಡಿದ್ಲಾ? ಆ ಚಪ್ಪಲಿ ಹಾಕ್ಕೊಂಡೇ ಹೋಗಿದ್ದಾಳಲ್ರೀ,” ಎಂದಳು ಶಾಲಿನಿ.

“ಭಕ್ತಿ ಬೇರೆ, ವಿವೇಚನೆ ಬೇರೆ,” ಎಂದೆ. ಮಗಳು ಕೊನೆಗೂ ಅಪ್ಪನ ಕ್ರಮಬದ್ಧ ಪರಿಶೀಲನೆಗೆ ತಲೆಬಾಗಿದಳೆಂದು ಉಬ್ಬಿದೆ. ಉಬ್ಬಿದ ಮೇಲೆ ಹೊಳೆಯಿತು: ಅವಳು ನರಿಯನ್ನು ತೆಗೆದುಕೊಂಡರೆ ನಿಯಮದ ಪ್ರಕಾರ ನನಗೆ ಉಳಿದದ್ದು ಗೂಬೆ. ನಾನು ಗಂಟಲು ಸರಿಮಾಡಿಕೊಂಡು ಶಾಲಿನಿಯನ್ನು ಸಾಕ್ಷಿಯಾಗಿಟ್ಟು, “ಗೂಬೆ ಗೆದ್ದೀತು,” ಎಂದು ನುಡಿದು, ಮೊರಿ ಸಾನ್ ಮನೆಗೆ ಆಟ ನೋಡಲು ಹೋದೆ.

ಮೊರಿ ಸಾನ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನನ್ನ ಜಪಾನಿಯಲ್ಲಿ ದಿನಕ್ಕೊಂದು ಕೊಲೆ ನಡೆಯುತ್ತದೆ. ಅವರು ಒಮ್ಮೆಯೂ ದೂರು ಕೊಟ್ಟಿಲ್ಲ. ಹಿಂದೊಮ್ಮೆ ಮೊಮ್ಮಗಳ ಫೋಟೋ ತೋರಿಸಿದಾಗ ‘ಕವಾಯಿ’ ಎನ್ನಲು ಹೋಗಿ ‘ಕೊವಾಯಿ’ ಎಂದಿದ್ದೆ. ಮೊದಲನೆಯದಕ್ಕೆ ಮುದ್ದಾಗಿದೆ ಎಂದರ್ಥ, ಎರಡನೆಯದಕ್ಕೆ ಭಯಂಕರವಾಗಿದೆ ಎಂದರ್ಥ. ಅವರು ಫೋಟೋವನ್ನು ಒಂದು ಸಲ ನೋಡಿ, ನನ್ನ ಮುಖವನ್ನು ಒಂದು ಸಲ ನೋಡಿ, ಸಂತೋಷದಿಂದ “ಅರಿಗಾತೋ” ಎಂದು ಧನ್ಯವಾದ ಹೇಳಿ ತಲೆಬಾಗಿದ್ದರು. ನನ್ನ ತಪ್ಪು ನನಗೆ ತಿಳಿದದ್ದೇ ಮಾರನೆಯ ವಾರ.

ಆಟದ ಕೊನೆಯ ಭಾಗ ಬರುವ ಹೊತ್ತಿಗೆ ಸಮಸಮ. ಬಾಲ್ಯದಿಂದ ಗೂಬೆಗೆ ಶುಭ ಕೋರದ ನಾನು ಕುರ್ಚಿಯಿಂದ ಅರ್ಧ ಎದ್ದು, “ಗೂಬೆ ಗೆಲ್ಲಲಿ, ಗೂಬೆ ಗೆಲ್ಲಲಿ,” ಎಂದು ವಿಧ್ಯರ್ಥಕವನ್ನು ಜಪಿಸತೊಡಗಿದೆ. ನರಿಯ ಆಟಗಾರನೊಬ್ಬ ಎದುರಾಳಿಯನ್ನು ಕೋಲಿನಿಂದ ಎಡವಿಸಿ ಗಾಜಿನ ಗೂಡು ಸೇರಿದ. ಅವನು ಅಲ್ಲಿ ಕೂತಿರುವಾಗಲೇ ಗೂಬೆ ಗೋಲು ಹೊಡೆಯಿತು. ಮೊರಿ ಸಾನ್ ಅತ್ತರು. ನಾನೂ ಅತ್ತೆ. ಅವರು ಊರಿಗಾಗಿ, ನಾನು ಮುಂದಿನ ಪ್ಲೇಆಫ್‌ವರೆಗೆ ಊಟದ ಮೇಜಿನಲ್ಲಿ ಕೇಳಲಿರುವ ಕನ್ನಡಕ್ಕಾಗಿ.

ಮನೆಗೆ ಬಂದರೆ ಇಳಾ ಚಪ್ಪಲಿ ಕೂಡ ಬಿಚ್ಚದೆ ಹೊಸಿಲಲ್ಲಿ ಕುಣಿಯುತ್ತಿದ್ದಳು. “ಯತ್ತಾ! ಅಪ್ಪ, ಐ ವನ್! ನಾನು ಗೆದ್ದೆ!”

ಉತ್ತಮ ಪುರುಷ, ಏಕವಚನ, ನಿರ್ದುಷ್ಟ. ಆದರೆ ಸಂಗತಿ ತಪ್ಪು. “ಇಲ್ಲ ಮಗೂ, ನಾನು ಗೆದ್ದೆ. ನೀನು ಗೂಬೆ ಗೆಲ್ಲದು ಎಂದು ಬರೆದಿದ್ದೀ.”

“ಹಾಂ! ಗೂಬೆ ಗೆಲ್ಲೋದು!”

“ಗೆಲ್ಲದು.”

“ಅದೇ! ಗೆಲ್ಲೋದು!”

ನಾನು ಫೋನನ್ನು ಮುಂದೆ ಹಿಡಿದೆ. ಅವಳು ನೋಡಿದಳು. ಅವಳ ಬೆರಳು ‘ಲ್ಲ’ದ ಮೇಲೆ ನಿಂತಿತು. ಓತ್ವವಿರಲಿಲ್ಲ, ಅದರ ದೀರ್ಘವೂ ಇರಲಿಲ್ಲ. ನಾನು ಮೆರೆಸಿದ ನಿಷೇಧಾರ್ಥಕ ರೈಲಿನ ಕುಲುಕಾಟದಲ್ಲಿ ಉದುರಿಹೋದ ಒಂದು ಗುಣಿತ ಚಿಹ್ನೆಯಾಗಿತ್ತು.

“ದಟ್ಸ್ ನಾಟ್ ಫೇರ್,” ಎಂದಳು ಸಣ್ಣ ದನಿಯಲ್ಲಿ. “ಅಮ್ಮಾ!”

ಶಾಲಿನಿ ಇಬ್ಬರ ವಾದವನ್ನೂ ಕೇಳಿದಳು. “ನೋಡಿ, ನಮ್ಮಲ್ಲಿ ನೌಕೆಗೆ ಕಮ್ಯಾಂಡ್ ಕಳಿಸಿದ್ಮೇಲೆ ಮುಗೀತು. ಏನು ಕಳಿಸಿದ್ವೋ ಅದೇ ಲೆಕ್ಕ, ಏನು ಅಂದ್ಕೊಂಡಿದ್ವೋ ಅದಲ್ಲ. ಮೈನಸ್ ಬಿಟ್ಟುಹೋದ್ರೆ ಅದು ಉಲ್ಟಾನೇ ತಿರುಗೋದು. ರೂಲ್ ಪ್ರಕಾರ ನೀವೇ ಗೆದ್ರಿ, ಕಂಗ್ರಾಟ್ಸ್.” ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತು ಸೇರಿಸಿದಳು: “ಆದ್ರೆ ನೌಕೆಗೆ ಇಳಾನ ಚಪ್ಪಲಿ ಮೇಲೆ ಏನಿದೆ ಅಂತ ಗೊತ್ತಿರಲ್ಲ. ನಿಮಗೂ ಗೊತ್ತಿರ್ಲಿಲ್ವಾ?”

ನನ್ನ ವಿಜಯದ ಮೊದಲ ಭೋಜನ ಆರಂಭವಾಯಿತು. ನುಗ್ಗೆಕಾಯಿ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ದೂರದ ಅಂಗಡಿಯಿಂದ ತರಿಸಿ ಹುಳಿ ಮಾಡಿದ್ದೆ.

“ಹುಳಿ ಹಾಕಲಾ, ಇಳಾ?”

“ಸಾಕು.”

“ತುಪ್ಪ?”

“ಬೇಡ.”

“ಬ್ಯಾಂಡ್ ಅಭ್ಯಾಸ ಹೇಗಾಯಿತು?”

“ಆಯಿತು.”

ಮೂರೂ ಪದಗಳು ನಿರ್ದೋಷವಾಗಿದ್ದವು. ಅಷ್ಟು ಶುದ್ಧವಾದ ಕನ್ನಡವನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಅವಳು ತಟ್ಟೆಯನ್ನೇ ನೋಡುತ್ತ, ಒಂದೊಂದು ಪದವನ್ನೂ ತೂಗಿ ಇಡುತ್ತ, ಗಾಜಿನ ಗೂಡಿನಲ್ಲಿ ಕೂತ ಆಟಗಾರನಂತೆ ಕೂತಿದ್ದಳು. ಮೇಜಿನ ಸುತ್ತ ನಾವು ಒಬ್ಬರು ಕಡಿಮೆಯಾಗಿ ಊಟ ಮಾಡುತ್ತಿದ್ದೆವು. ಒಂದು ವರ್ಷ ಪೂರ್ತಿ ಹೀಗೆಯೇ ಎಂದು ಯೋಚಿಸಿ, ಜಗಿಯುತ್ತಿದ್ದ ನುಗ್ಗೆಕಾಯಿಯನ್ನು ತಟ್ಟೆಯ ಅಂಚಿಗಿಟ್ಟೆ. ಆಗ ನನಗೆ ಮೊರಿ ಸಾನ್ ನೆನಪಾದರು. ಆ ಫೋಟೋ, ಆ ತಲೆಬಾಗುವಿಕೆ. ಅವರು ನನ್ನ ಶಬ್ದವನ್ನು ಬಿಟ್ಟು ನನ್ನ ಮುಖವನ್ನು ಓದಿದ್ದರು. ನಾನು ಮಗಳ ಮುಖವನ್ನು ಬಿಟ್ಟು ಅವಳ ‘ಲ್ಲ’ವನ್ನು ಓದಿದ್ದೆ.

“ಒಂದು ವಿಷಯ,” ಎಂದೆ. “ಗೆಲ್ಲೋದು ಎಂಬುದು ‘ಗೆಲ್ಲುವುದು’ ಎಂಬುದರ ಆಡುರೂಪ. ಗೆಲ್ಲುವುದು ಭವಿಷ್ಯತ್ಕಾಲ. ನಾನು ‘ಗೆದ್ದೀತು’ ಎಂದು ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟುಕೊಂಡಿದ್ದೆ. ನಿಜವಾಗಿ ಭವಿಷ್ಯ ನುಡಿದವಳು ಇಳಾ ಒಬ್ಬಳೇ. ಒಂದು ಅಕ್ಷರ ರೈಲಿನಲ್ಲಿ ಬಿದ್ದುಹೋಯಿತು, ಅಷ್ಟೇ. ಗೆದ್ದವಳು ಅವಳು.”

“ಅದನ್ನ ಹೇಳೋಕೂ ಗ್ರಾಮರ್ ಬೇಕೇನ್ರೀ ನಿಮಗೆ!” ಎಂದಳು ಶಾಲಿನಿ.

ಇಳಾ ತಲೆಯೆತ್ತಿದಳು. “ಹೊಂತೋ? ನಿಜವಾಗ್ಲೂ? ಕರೆಕ್ಟ್ ಮಾಡಲ್ಲ?”

“ಮಾಡೆನು,” ಎಂದೆ. ಅದೂ ನಿಷೇಧಾರ್ಥಕವೇ.

ಕಟ್ಟೆ ಒಡೆಯಿತು. “ಅಪ್ಪ, ಬ್ಯಾಂಡಲ್ಲಿ ಇವತ್ತು ಏನಾಯ್ತು ಗೊತ್ತಾ, ಸೆನ್ಸೇ ಬಂದಿತು, ನಾನು ಮತ್ತೆ ಯುಕಿ ನಗುತ್ತಾರೆ, ಸೆನ್ಸೇ ಸಿಟ್ಟು ಆಯಿತು...” ಗುರುಗಳು ನಪುಂಸಕ ಲಿಂಗದಲ್ಲಿ ಬಂದರು, ನನ್ನ ಮಗಳು ಪ್ರಥಮ ಪುರುಷದಲ್ಲಿ ನಕ್ಕಳು, ಮೂರು ಕಾಲಗಳೂ ಒಂದೇ ರೈಲಿನಲ್ಲಿ ನೂಕುನುಗ್ಗಲಾಗಿ ಬಂದಿಳಿದವು. ನಾನು ಪ್ರತಿ ತಪ್ಪಿಗೂ ಒಂದೊಂದು ತುತ್ತು ಬಾಯಿಗಿಟ್ಟುಕೊಂಡೆ. ಆ ಒಂದು ಊಟದಲ್ಲೇ ಅನ್ನದ ಪಾತ್ರೆ ಬರಿದಾಯಿತು. ಈ ಷರತ್ತು ಹೀಗೆಯೇ ಮುಂದುವರಿದರೆ ಮುಂದಿನ ಪ್ಲೇಆಫ್ ಹೊತ್ತಿಗೆ ನನ್ನ ಅಂಗಿಗಳು ನನಗೆ ಆಗಲಾರವು.

ಎಲ್ಲ ಮುಗಿದ ಮೇಲೆ ಕೈತೊಳೆದು ಬಂದ ಇಳಾ, ನನ್ನ ಮುಖ ಬಾಡಿದ್ದನ್ನು ಕಂಡು ಕರುಣೆಯಿಂದ ಬೆನ್ನು ತಟ್ಟಿದಳು. “ಪರವಾಗಿಲ್ಲ. ಮುಂದಿನ ಸಲ ಅಪ್ಪ ಗೆದ್ದೀತು.”

ಸಂಭಾವನಾರ್ಥಕ. ಈ ಸಲ ನಿಜವಾಗಿಯೂ, ಯಾರೂ ಕಲಿಸದೆ. ಅಪ್ಪನಾದವನು ‘ಗೆದ್ದಾನು’, ಗೌರವವಿದ್ದರೆ ‘ಗೆದ್ದಾರು’. ‘ಗೆದ್ದೀತು’ ಎಂಬುದು ನರಿ, ಗೂಬೆ ಮೊದಲಾದವಕ್ಕೆ. ನಾಲಗೆಯ ತುದಿಯವರೆಗೆ ಬಂತು. ತಟ್ಟೆಯಲ್ಲಿ ಅನ್ನವಿರಲಿಲ್ಲ. ನುಗ್ಗೆಕಾಯಿಯ ಜಗಿದ ಸಿಪ್ಪೆಯೊಂದಿತ್ತು; ಅದನ್ನೇ ಮತ್ತೆ ಬಾಯಿಗೆ ಹಾಕಿಕೊಂಡೆ.