ಕೊಟ್ರಮ್ಮನ ಎಡಮಂಡಿ ಮತ್ತು ತಿಪ್ಪೇಸ್ವಾಮಿಯ ನೋವುಹೀರಿ

"ನೋಡ್ರವ್ವಾ, ಎಲ್ಲರೂ ಕಣ್ಣಗಲ ಮಾಡ್ಕೊಂಡು ನೋಡ್ರಿ! ಇದೇ ನೋವುಹೀರಿ!"

ದುರ್ಗದ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ಕಾಗಿದ್ದು ನಿವೃತ್ತನಾದ ತಿಪ್ಪೇಸ್ವಾಮಿ ತನ್ನ ಅಂಗಳದ ನಡುವೆ ನಿಂತು ಎದೆಯುಬ್ಬಿಸಿದ. ಎಷ್ಟು ಉಬ್ಬಿಸಿದನೆಂದರೆ ಅಂಗಿಯ ಗುಂಡಿಯೊಂದು ಹಾರಿ ಎದುರು ಮನೆಯ ಬೆಕ್ಕಿಗೆ ಬಡಿಯಿತು! ಪಕ್ಕದಲ್ಲಿ ಹಳೇ ಗ್ರೈಂಡರಿನ ಡ್ರಮ್ಮು. ಅದಕ್ಕೊಂದು ವೈಪರ್ ಮೋಟಾರು, ಬಸ್ಸಿನ ಹಾರನ್ನು, ಕುಕ್ಕರಿನ ಸೀಟಿ, ಗೇರಿನ ಕಡ್ಡಿ, ನೋವು ಅಳೆಯುವ ಮುಳ್ಳಿನ ಮೀಟರು, ಕೆಳಗೆ ನಾಲ್ಕು ಗಾಲಿ. ಡ್ರಮ್ಮಿನಿಂದ ಹೊರಟ ಬಿ.ಪಿ. ನೋಡುವ ಪಟ್ಟಿಗಳಲ್ಲಿ ಎರಡು ಅವನ ಹೆಂಡತಿ ಓಬಳಮ್ಮನ ಮಂಡಿಗಳನ್ನು ತಬ್ಬಿಕೊಂಡಿದ್ದವು.

ತಿಪ್ಪೇಸ್ವಾಮಿ ಗೇರು ಹಾಕಿದ. ಡ್ರಮ್ಮು ಗೊರ್ರ್ ಎಂದಿತು. ಮುಳ್ಳು ಏರಿ ಏರಿ ನಲವತ್ತಕ್ಕೆ ನಿಂತಿತು. ಎಂಟು ವರ್ಷದಿಂದ ನೆಲಕ್ಕೆ ಕೂತು ಗೊತ್ತಿಲ್ಲದ ಓಬಳಮ್ಮ ಪಟ್ಟಿ ಬಿಚ್ಚಿ, ತಟಕ್ಕನೆ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಎಳೆಯತೊಡಗಿದಳು. ಅಂಗಳ ಸಾಲಲಿಲ್ಲ. ಗೇಟು ದಾಟಿತು, ಬೀದಿ ತುಂಬಿತು. ಬಸ್ ಸ್ಟ್ಯಾಂಡಿನ ತನಕ ಎಳೆದಳು ಅನ್ನುವವರಿದ್ದಾರೆ. ಹಾಲಿನ ಅಂಗಡಿಯ ತನಕವಂತೂ ದೇವರಾಣೆ ನಿಜ!

ಇದನ್ನೆಲ್ಲ ಪಕ್ಕದ ಮನೆಯ ಕೊಟ್ರಮ್ಮ ಕಾಂಪೌಂಡಿನ ಮೇಲೆ ಗಲ್ಲವಿಟ್ಟು ನೋಡುತ್ತಿದ್ದಳು. ಅವಳು ಬಿಟ್ಟ ಉಸಿರಿಗೆ ಗೋಡೆಯ ಸುಣ್ಣ ಉದುರಿತು.

ಕೊಟ್ರಮ್ಮ ಸಾಮಾನ್ಯಳಲ್ಲ. ಹದಿನೈದು ವರ್ಷದ ಸಂಧಿವಾತದ ಅವಳ ಎಡಮಂಡಿ ಆ ಬೀದಿಯ ಹವಾಮಾನ ಕಚೇರಿ! ಮೋಡ ಇನ್ನೂ ಸಮುದ್ರದಲ್ಲಿ ಮೀಯುತ್ತಿರುವಾಗಲೇ ಇಲ್ಲಿ ಮಂಡಿ ಚುಳಕ್ಕೆನ್ನುತ್ತಿತ್ತು. ಬೇಸಿಗೆಯಲ್ಲಿ ಬೀದಿಯ ಇಪ್ಪತ್ತು ಮನೆಯವರೂ ಒಂದೇ ದಿನ ಮಾಳಿಗೆ ಮೇಲೆ ಸಂಡಿಗೆ ಇಡುವುದು ವಾಡಿಕೆ. ಆ ದಿನವನ್ನು ಗೊತ್ತು ಮಾಡುತ್ತಿದ್ದದ್ದು ಆ ಮಂಡಿ. ಹಾಗಾಗಿ ಪ್ರತಿ ಮನೆಯ ಮೊದಲ ಹಿಡಿ ಸಂಡಿಗೆ ಕೊಟ್ರಮ್ಮನಿಗೆ ಸಲ್ಲುತ್ತಿತ್ತು. ಓಬಳಮ್ಮನ ಮಂಡಿಗೆ ಅಂಥ ವಿದ್ಯೆ ಇರಲಿಲ್ಲ. ಅದು ನೋಯುತ್ತಿದ್ದದ್ದು ಮನೆಗೆ ನೆಂಟರು ಬರುವ ಮುಂಚೆ ಮಾತ್ರ!

ಈ ಪದವಿಗೆ ಕೊಟ್ರಮ್ಮ ತೆತ್ತದ್ದೇನು ಕಡಿಮೆಯೇ? ನೋವಿಗೆ ಬಿಳಿ ಮಾತ್ರೆ. ಬಿಳಿಯದು ಎಬ್ಬಿಸುವ ಎದೆಯುರಿಗೆ, ಹುಳಿತೇಗಿಗೆ ಗುಲಾಬಿ ಮಾತ್ರೆ. ಗುಲಾಬಿ ಕಟ್ಟಿಹಾಕಿದ ಹೊಟ್ಟೆಯನ್ನು ಬಿಡಿಸಲು ಇನ್ನೊಂದು. ಒಗ್ಗರಣೆ ಡಬ್ಬಿಯ ಏಳು ಬಟ್ಟಲಲ್ಲೂ ಮಾತ್ರೆಗಳೇ. ಸಾಸಿವೆ, ಜೀರಿಗೆ ಮನೆಯಿಲ್ಲದೆ ಅಲೆಯುತ್ತಿದ್ದವು.

"ನೋಡಿದ್ರಾ? ಗಂಡ ಅಂದ್ರೆ ಹಂಗಿರ್ಬೇಕು! ಹೆಂಡ್ತಿ ನೋವಿಗೆ ಯಂತ್ರಾನೇ ಕಟ್ಟವ್ನೆ. ನೀವೇನ್ ಮಾಡಿದೀರಿ ನನಗೆ?" ಎಂದು ಅವಳು ಒಳಗೆ ಬಂದು ಗಂಡನ ಮೇಲೆ ಹರಿಹಾಯ್ದಳು.

ಈರಣ್ಣ ಪೇಪರಿನ ಹಿಂದಿನಿಂದ, "ದಿನಾ ಮೂರು ಹೊತ್ತು ಕೇಳ್ತೀನಲ್ಲ," ಎಂದ.

"ಏನಂತ?"

"ಮಾತ್ರೆ ತಗೊಂಡ್ಯಾ?"

ಅಷ್ಟೇ! ಕೊಟ್ರಮ್ಮ ಕೋಲೂರಿಕೊಂಡು ನೆಟ್ಟಗೆ ಪಕ್ಕದ ಮನೆಗೆ ನಡೆದಳು.

"ತಿಪ್ಪೇಸ್ವಾಮಿ, ಕಟ್ಟಪ್ಪಾ ನನಗೂ. ನನ್ನ ನೋವಿನ ಮುಂದೆ ಓಬಳಿದೇನು, ಸೊಳ್ಳೆ ಕಡಿತ! ನಿನ್ನ ಮುಳ್ಳು ಮುರಿದು ಬೀಳದಿದ್ರೆ ಕೇಳು!"

ಮುಳ್ಳು ಏರಿತು. ಮೂವತ್ತು, ಮೂವತ್ತೈದು... ಮೂವತ್ತೊಂಬತ್ತಕ್ಕೆ ನಿಂತುಬಿಟ್ಟಿತು.

"ಒಂದು ಕಮ್ಮಿ ಐತಲ್ಲಕ್ಕಾ," ಎಂದಳು ಓಬಳಮ್ಮ, ಬಾಯಿಗೆ ಸೆರಗು ಒತ್ತಿಕೊಂಡು.

"ಯಂತ್ರ ನಿನ್ನ ಗಂಡಂದು. ನಿನ್ನ ಕಡೆಗೇ ವಾಲ್ತೈತೆ! ತಿಪ್ಪೇಸ್ವಾಮಿ, ಈ ಭುಜಕ್ಕೆ ಕಟ್ಟು. ಕುತ್ತಿಗೆಗೆ ಕಟ್ಟು. ಹೆಬ್ಬೆರಳಿಗೂ ಕಟ್ಟು. ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟೈತೆ, ಅಲ್ಲಿಗೂ ಒಂದು ಪಟ್ಟಿ ಸುತ್ತು!"

"ಬೇಡಕ್ಕಾ, ಅದು ನೋವಿಗೆ ಮಾಡಿದ್ದು. ಜಾಸ್ತಿ ತುಂಬಿದ್ರೆ..."

"ತುಂಬ್ಲಿ ಬಿಡು!" ಎಂದು ಕೊಟ್ರಮ್ಮ ಪಟ್ಟಿಗಳನ್ನೆಲ್ಲ ತಾನೇ ಸುತ್ತಿಕೊಂಡು ಟಾಪ್ ಗೇರಿಗೆ ಎಳೆದಳು.

ಡ್ರಮ್ಮು ಊದಿತು. ಹಾರನ್ನು "ಅಯ್ಯಯ್ಯಪ್ಪೋ!" ಎಂದು ನರಳಿತು. ಕುಕ್ಕರಿನ ಸೀಟಿ ಡರ್ರ್ ಎಂದು ತೇಗಿತು. ಆ ತೇಗಿನ ಹುಳಿಗೆ ಓಬಳಮ್ಮನ ಅಡುಗೆಮನೆಯಲ್ಲಿ ಹಾಲು ಒಡೆಯಿತು! ಮುಳ್ಳು ತೊಂಬತ್ತು ದಾಟಿತು. ಕೊಟ್ರಮ್ಮ ಎದ್ದು ನಿಂತು ಕೋಲು ಎಸೆದಳು. ನೋವಿಲ್ಲ, ಎದೆಯುರಿಯಿಲ್ಲ! ಕಾಂಪೌಂಡು ಹಾರಿಯೇ ಮನೆಗೆ ಹೋದಳು. ಹಿಂದೆ ಯಂತ್ರ ಎಡಗಡೆಯ ಗಾಲಿ ಎಳೆಯುತ್ತಾ ಕುಂಟುತ್ತಾ ಗೋಡೆ ಮೂಲೆಗೆ ಒರಗಿಕೊಂಡಿತು.

ಮರುದಿನ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಹಿಟ್ಟು ಬೇಯಲು ತಯಾರಾಗಿತ್ತು, ಸೀರೆ ಹಾಸಲು ತಯಾರಾಗಿತ್ತು.

"ಕೊಟ್ರಕ್ಕಾ, ಮಂಡಿ ಏನಂತೈತೆ?"

ಕೊಟ್ರಮ್ಮ ಮಂಡಿ ಒತ್ತಿದಳು. ಚಿವುಟಿದಳು. ಗುದ್ದಿದಳು. ಮಂಡಿ ತುಟಿ ಬಿಚ್ಚಲಿಲ್ಲ! ಗೊತ್ತಿಲ್ಲ ಅಂದರೆ ಹದಿನೈದು ವರ್ಷದ ಮರ್ಯಾದೆ ಹೋದಂತೆ.

"ಬಿಸಿಲು! ಸಂಡಿಗೆ ಇರಲಿ, ನೀವೇ ಒಣಗಿಹೋಗೋ ಅಂಥ ಬಿಸಿಲು!" ಎಂದುಬಿಟ್ಟಳು.

ಇಪ್ಪತ್ತು ಮಾಳಿಗೆಯ ಮೇಲೆ ಸಂಡಿಗೆ ಬಿತ್ತು. ಪಕ್ಕದ ಅಂಗಳದಿಂದ ನೋವುಹೀರಿ "ಅಯ್ಯಯ್ಯಪ್ಪೋ!" ಎಂದು ಒಂದೇ ಸಮನೆ ಅರಚತೊಡಗಿತು. ಯಾರೂ ಕಿವಿಗೊಡಲಿಲ್ಲ. ಹತ್ತೂವರೆಗೆ ಆಕಾಶ ಕಪ್ಪಾಯಿತು. ಹನ್ನೊಂದಕ್ಕೆ ಆನೆಕಲ್ಲು ಸುರಿದಂಥ ಮಳೆ! ಸಂಡಿಗೆಯೆಲ್ಲ ಮತ್ತೆ ಗಂಜಿಯಾಗಿ ಮಾಳಿಗೆಯ ನೀರುದೋಣಿಯಲ್ಲಿ ಇಳಿದು, ರಂಗೋಲಿ ತೊಳೆದು, ಹಾಲಿನ ಅಂಗಡಿಯವನ ಬಾಗಿಲಿಗೆ ಹೋಗಿ ನಿಂತಿತು.

ಅವತ್ತಿಗೆ ಪದವಿ ಕೈಬಿಟ್ಟಿತು. ಬೀದಿ ಯಂತ್ರದ ಅಂಗಳಕ್ಕೆ ತಿರುಗಿತು. "ಎಷ್ಟು ನೋಯ್ತೋ ಏನೋ ಪಾಪ, ಅದಕ್ಕೇ ಅಷ್ಟು ಕೂಗಿಕೊಂಡೈತೆ!" ಎಂದು ಒಬ್ಬಳು ಅದಕ್ಕೆ ಬಿಸಿನೀರಿನ ಚೀಲ ಇಟ್ಟಳು. ಇನ್ನೊಬ್ಬಳು ಎಡಗಾಲಿಗೆ ಮುಲಾಮು ತಿಕ್ಕಿದಳು. ಎರಡನೇ ಸಲ ಸಂಡಿಗೆ ಇಟ್ಟಾಗ, ಅರಚುವುದು ನಿಲ್ಲಿಸಿ ದಿನ ಹೇಳಿದ್ದು ಅದೇ, ಮೊದಲ ಹಿಡಿ ಹೋದದ್ದೂ ಅದಕ್ಕೇ! ಕೊಟ್ರಮ್ಮ ಗೋಡೆಯಾಚೆ ನಿಂತು ಎಣಿಸಿದಳು, ಇಪ್ಪತ್ತು ಹಿಡಿ. ಗಟ್ಟಿಮುಟ್ಟಾದ ಅವಳ ಎರಡು ಕಾಲನ್ನು ಕೇಳುವವರೇ ಇಲ್ಲ. ತಿನ್ನಲು ಹಲ್ಲೂ ಇಲ್ಲದ ಡಬ್ಬಕ್ಕೆ ಇಷ್ಟು ಉಪಚಾರವೇ!

ಇದನ್ನಾದರೂ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಮಧ್ಯಾಹ್ನ ಊಟ ಮುಗಿಸಿದ ಈರಣ್ಣ ಅವಳ ಕಡೆ ನೋಡಲೂ ಇಲ್ಲ. ಪೇಪರು ಮಡಚಿ, ಚಪ್ಪಲಿ ಮೆಟ್ಟಿ, ಪಕ್ಕದ ಅಂಗಳಕ್ಕೆ ಹೋಗಿ ಯಂತ್ರದ ಬೆನ್ನು ಸವರಿ ಕೇಳಿದ:

"ಮಾತ್ರೆ ತಗೊಂಡ್ಯಾ?"

ಕೊಟ್ರಮ್ಮನ ಕಣ್ಣಲ್ಲಿ ನೀರು ಬಂತು. ಮರುಕ್ಷಣ ಬೆಂಕಿ ಬಂತು. ಕಾಂಪೌಂಡು ಹಾರಿ ಬಂದು ಡ್ರಮ್ಮಿನ ಕೊರಳು ಹಿಡಿದಳು.

"ತಿಪ್ಪೇಸ್ವಾಮಿ! ನನ್ನ ನೋವು ನನಗೆ ವಾಪಸ್ ಕೊಡು!"

"ಏನಕ್ಕಾ ನೀನು! ಊರೋರೆಲ್ಲ ನೋವು ಹೋದ್ರೆ ಸಾಕು ಅಂತಾರೆ..."

"ಊರೋರದ್ದು ಅವರಿಗಿರ್ಲಿ. ಹದಿನೈದು ವರ್ಷ ಸಾಕಿದೀನಿ ಕಣೋ! ನನ್ನ ಮಂಡಿ ಮಾತಾಡ್ಬೇಕು. ಈ ಮನುಷ್ಯ ನನ್ನ ಕೇಳ್ಬೇಕು!"

ತಿಪ್ಪೇಸ್ವಾಮಿ ತಲೆ ಕೆರೆದುಕೊಂಡು ಪಟ್ಟಿಗಳನ್ನು ಕಟ್ಟಿ, ರಿವರ್ಸ್ ಗೇರು ಹಾಕಿದ. ಡ್ರಮ್ಮು ಇಳಿಯಿತು. ಮಂಡಿ ಚುಳಕ್ಕೆಂದಿತು! ಕೊಟ್ರಮ್ಮ "ಅಯ್ಯಯ್ಯಪ್ಪೋ!" ಎಂದು ಕುರ್ಚಿಗೆ ಕುಸಿದು, ಹಲ್ಲು ಕಚ್ಚಿಕೊಂಡೇ ನಕ್ಕಳು.

"ನಾಳೆ ಸಂಜೆ ಮಳೆ!" ಎಂದಳು. ಆಮೇಲೆ ಬಲಮಂಡಿ ಹಿಡಿದುಕೊಂಡು ಹುಬ್ಬು ಗಂಟಿಕ್ಕಿದಳು. "ಇದ್ಯಾವ್ದೋ ಹೊಸದು... ಓಬಳೀ, ನಿನ್ನ ತಂಗಿ ಹೊಳಲ್ಕೆರೇಲಿ ಬಸ್ಸು ಹತ್ತಿದ್ಲು ನೋಡು, ಇಲ್ಲಿಗೇ ಬರ್ತಾಳೆ!"

"ಅಯ್ಯೋ, ನನ್ನ ಮಂಡಿನೂ ಇವಳೇ ಹೊಡ್ಕೊಂಡ್ಲು!" ಎಂದು ಓಬಳಮ್ಮ ಕುಕ್ಕರುಗಾಲಲ್ಲೇ ಕೂತು ಗೋಳಾಡಿದಳು. ಇಬ್ಬರ ನೋವೂ ಒಂದೇ ಡ್ರಮ್ಮಿನಲ್ಲಿ ಬೆರೆತು ಹೋಗಿತ್ತು. ಬೇರ್ಪಡಿಸಲು ತಿಪ್ಪೇಸ್ವಾಮಿಗೂ ಗೊತ್ತಿರಲಿಲ್ಲ.

ಈರಣ್ಣ ಹೆಂಡತಿಯನ್ನು ಕೈಹಿಡಿದು ಮನೆಗೆ ಕರೆತಂದ. ಪೇಪರು ಬಿಡಿಸಿದ. ಒಂದು ಕ್ಷಣ ಯೋಚಿಸಿ ಕೇಳಿದ:

"ಎರಡು ಮಾತ್ರೆ ತಗೊಂಡ್ಯಾ?"

ಹದಿನೈದು ವರ್ಷದಲ್ಲಿ ಗಂಡ ಆಡಿದ ಹೊಸ ಮಾತು ಅದೊಂದೇ! ಕೊಟ್ರಮ್ಮ ರಾಣಿಯ ಹಾಗೆ ಒಗ್ಗರಣೆ ಡಬ್ಬಿ ತೆರೆದು ಎರಡು ಬಿಳಿ ಮಾತ್ರೆ ನುಂಗಿ, ಎದೆ ಹಿಡಿದುಕೊಂಡು ಉರಿಗಾಗಿ ಕಾದಳು. ಉರಿ ಬರಲಿಲ್ಲ.

ಗೋಡೆಯಾಚೆ ಖಾಲಿ ಡ್ರಮ್ಮು ಡರ್ರ್ ಎಂದು ತೇಗಿತು! ಹೊಟ್ಟೆಯ ಪಟ್ಟಿಗೆ ರಿವರ್ಸ್ ಗೇರು ಕಚ್ಚಿರಲೇ ಇಲ್ಲ. ಅಂದಿನಿಂದ ಇಂದಿನವರೆಗೂ ಇಲ್ಲಿ ಮಾತ್ರೆ ಇಳಿದರೆ ಅಲ್ಲಿ ಹುಳಿತೇಗು ಏಳುತ್ತದೆ, ದಿನಕ್ಕೆ ಮೂರು ಹೊತ್ತು.

ಡ್ರಮ್ಮಿನ ಬಾಯಿಗೆ ಒಂದು ಚೊಂಬು ಮಜ್ಜಿಗೆ ಹುಯ್ಯುತ್ತಾ ತಿಪ್ಪೇಸ್ವಾಮಿ ಹೆಂಡತಿಗೆ ಹೇಳಿದ:

"ಡಿಪೋದಲ್ಲೂ ಹಿಂಗೇ ಇತ್ತು ಕಣೆ. ನುಂಗೋರೊಬ್ರು, ತೇಗೋರೊಬ್ರು."