ಕೆಂಪು ಟೋಪಿಯ ಮೇಲೊಂದು ಕಣ್ಣು

ನನ್ನ ಮೂಗಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅದಕ್ಕೆ ಸಲ್ಲಬೇಕಾದ ಗೌರವ ನಮ್ಮ ಮನೆಯಲ್ಲಿ ಸಲ್ಲುತ್ತಿಲ್ಲ. ನಾನು ಊಟಿ ಬಳಿಯ ನಮ್ಮ ಹಟ್ಟಿಯ ಕೆಳಗಿರುವ ಟೀ ಫ್ಯಾಕ್ಟರಿಯಲ್ಲಿ ಟೀ ಮೇಕರ್. ಅರೆದ ಎಲೆಯ ಹಸಿ ವಾಸನೆ ಹೋಗಿ ಹಣ್ಣಿನ ವಾಸನೆ ಏಳುವ ಆ ದಿವ್ಯ ಗಳಿಗೆಯನ್ನು ಹಿಡಿದು, ‘ಡ್ರೈಯರ್‌ಗೆ ಹಾಕಿ’ ಎಂದು ಅಪ್ಪಣೆ ಕೊಡುವುದು ಗಡಿಯಾರವಲ್ಲ, ನನ್ನ ಮೂಗು. ಮ್ಯಾನೇಜರು ಕೂಡ ಅದಕ್ಕೆ ಎದುರಾಡುವುದಿಲ್ಲ. ಮನೆಗೆ ಬಂದರೆ ಮಾತ್ರ ನನ್ನ ಹೆಂಡತಿ ಮಾನಸಾ, “ಎಲ್ಲದಕ್ಕೂ ಮೂಗು ತೂರಿಸ್ಬೇಡಿ” ಎನ್ನುತ್ತಾಳೆ.

ಮಾನಸಾ ಊಟಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರ್. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಒಂಬತ್ತು ತಿಂಗಳ ನಮ್ಮ ಮಗಳು ಚಿನ್ನಿಯನ್ನು ಹಗಲು ಯಾರು ನೋಡಿಕೊಳ್ಳಬೇಕು? ನನ್ನ ಅವ್ವೆ ಮಹಾಲಿಂಗಮ್ಮ ಇದ್ದಾರಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ.

“ಎನಗೆ ಆಗದಪ್ಪ,” ಎಂದರು ಅವ್ವೆ, ಹೆಣೆಯುವ ಕಡ್ಡಿಯಿಂದ ಕಣ್ಣೆತ್ತದೆ. “ನಿನ್ನ ಸಾಕಿದೆ, ಹೆಂಗೆ ಬಂದಿದೆ ಅಂತ ದಿನಾ ನೋಡ್ತಿದ್ದೀನಿ. ಇನ್ನೊಂದ್ಸಲ ಆ ತಪ್ಪು ಮಾಡಲ್ಲ.”

ಹಗಲೆಲ್ಲ ನಮ್ಮ ತುಂಡು ಟೀ ತೋಟದಲ್ಲಿ ಎಲೆ ಕೀಳುವುದು, ಸಂಜೆ ಉಲ್ಲನ್ ಹೆಣೆಯುವುದು, ಇದು ಅವ್ವೆಯ ದಿನಚರಿ. ಹಟ್ಟಿಯ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಅದರ ತಲೆಗೆ ಅವ್ವೆಯ ಟೋಪಿ ಹೋಗಬೇಕು. ಕೆಂಪು ಟೋಪಿ, ಕಿವಿ ಮುಚ್ಚುವ ಹಾಗೆ, ನೆತ್ತಿಯ ಮೇಲೆ ಬಿಳಿ ಉಂಡೆ. ಅವರಿಗೆ ಬರುವುದು ಅದೊಂದೇ ಮಾದರಿ.

ಹಾಗಾಗಿ ಗಂಡ ಹೆಂಡಿರ ನಡುವೆ ಮಹಾಯುದ್ಧ ಶುರುವಾಯಿತು. ಮಾನಸಾಳ ಆಯ್ಕೆ ಅವಳಿಗೆ ಪರಿಚಯದ, ತಮಿಳು ಮಾತಿನ ಮಲರ್‌ಕೊಡಿ ಅಕ್ಕನ ಮನೆ. ಆಕೆಯ ಗಂಡ ಹತ್ತಿರದೂರು ಎಮರಾಲ್ಡ್‌ನಲ್ಲಿ ಕರೆಂಟಿನ ಕೆಲಸದಲ್ಲಿದ್ದು ರಿಟೈರ್ ಆದವರು. ಈಗ ಊಟಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆ. ಅಕ್ಕ ಮನೆಯಲ್ಲೇ ಮೂರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನನ್ನ ಆಯ್ಕೆ ‘ಹನಿಡ್ಯೂ ಶಿಶು ವಿಕಾಸ ಕೇಂದ್ರ’. ರಬ್ಬರ್ ನೆಲ, ಗೋಡೆಯ ಮೇಲೆ ಜಿರಾಫೆ (ಆನೆ ಕಾಟದ ಜಿಲ್ಲೆಯಲ್ಲಿ ಜಿರಾಫೆ ಯಾಕೋ ತಿಳಿಯದು), ಎಲ್ಲಕ್ಕಿಂತ ಮಿಗಿಲಾಗಿ ಸೂರಿನಲ್ಲಿ ಕ್ಯಾಮೆರಾ. ಆ್ಯಪ್ ಹಾಕಿಕೊಂಡರೆ ಫ್ಯಾಕ್ಟರಿಯಲ್ಲಿ ಕುಳಿತೇ ಮಗುವನ್ನು ನೋಡಬಹುದು.

“ಅಕ್ಕನ ಮನೇಲಿ ಕ್ಯಾಮೆರಾ ಇದೆಯಾ?” ಎಂದೆ.

“ಅಕ್ಕ ಇದಾರೆ.”

“ವೈಜ್ಞಾನಿಕ ವಾತಾವರಣ ಇದೆಯಾ?”

“ಬಿಸಿನೀರಿದೆ, ಮಡಿಲಿದೆ. ಕೂಸಿಗೆ ಇನ್ನೇನು ಬೇಕು? ನಿಮಗೆ ವಿಜ್ಞಾನ ಬೇಕಾದ್ರೆ ನೀವೇ ಹೋಗಿ ಸೇರ್ಕೊಳ್ಳಿ.”

ಕೊನೆಗೆ, ಜೀವನದಲ್ಲಿ ಅಪರೂಪಕ್ಕೆ, ನಾನು ಗೆದ್ದೆ. ಆದರೆ ಮಾನಸಾ ಕಿಟಕಿಯ ಕಡೆ ಮುಖ ತಿರುಗಿಸಿ, “ಒಂದು ವಾರ ನೋಡ್ತೀನಿ. ಕೂಸು ಹೊಂದ್ಕೊಳ್ಳಲಿಲ್ಲ ಅಂದ್ರೆ ನಾನು ಕೆಲಸ ಬಿಡ್ತೀನಿ” ಎಂದಳು. ಎಷ್ಟು ಒದ್ದಾಡಿ ಆ ಕೆಲಸ ಹಿಡಿದಿದ್ದಳೆಂದು ನನಗೆ ಗೊತ್ತು. ಚಿನ್ನಿ ಅಲ್ಲಿ ಹೊಂದಿಕೊಳ್ಳಲೇಬೇಕು, ನಾನು ಹೊಂದಿಸಿಯೇ ತೀರುತ್ತೇನೆ ಎಂದು ಶಪಥ ಮಾಡಿದೆ.

ಸೋಮವಾರ ಬೆಳಿಗ್ಗೆ ಮಾನಸಾ ಚಿನ್ನಿಯನ್ನು ಎತ್ತಿಕೊಂಡು ಬಸ್ ಹತ್ತಿದಳು. ನಾನು ಫ್ಯಾಕ್ಟರಿಗೆ ಹೋಗಿ ಆ್ಯಪ್ ತೆರೆದೆ. ಸೂರಿನಿಂದ ನೋಡುವಾಗ ಮಕ್ಕಳೆಲ್ಲ ಉಲ್ಲನ್ ಮೂಟೆಗಳು (ಊಟಿಯ ಚಳಿಗೆ ಮನೆಯೊಳಗೂ ಟೋಪಿ ತೆಗೆಯುವವರಿಲ್ಲ). ಆದರೆ ಅಷ್ಟು ಮೂಟೆಗಳ ನಡುವೆ ಕೆಂಪು ಟೋಪಿ, ಬಿಳಿ ಉಂಡೆ! ನನ್ನ ಕಣ್ಣು ತುಂಬಿ ಬಂತು. ಮನೆಯಿಂದ ನೀಲಿ ಸ್ವೆಟರಿನಲ್ಲಿ ಹೋದ ಮಗಳು ಅಲ್ಲಿ ಹಳದಿಯಲ್ಲಿದ್ದಳು. ನೋಡಿದಿರಾ, ಬಟ್ಟೆ ಕೂಡ ಬದಲಾಯಿಸುತ್ತಾರೆ!

ಕೆಂಪು ಟೋಪಿ ಗಂಜಿಯನ್ನು ಪೂರ್ತಿ ತಿಂದಿತು. ಕೆಂಪು ಟೋಪಿ ಚಪ್ಪಾಳೆ ತಟ್ಟಿತು. ಕಾಲುಚೀಲ ಇಲ್ಲದ್ದನ್ನು ಕಂಡು ಕೂಡಲೇ ಸೆಂಟರಿಗೆ ಫೋನ್ ಮಾಡಿದೆ. “ಮೇಡಂ, ಆ ಕೆಂಪು ಟೋಪಿ ಕೂಸಿಗೆ ಸಾಕ್ಸ್ ಹಾಕಿ.” ಹಾಕಿದರು! ಪರದೆಯ ಮೇಲೆಯೇ ಕಂಡಿತು. ಅಂದಿನಿಂದ ದಿನಾ ಸಾಕ್ಸಿಗಾಗಿ ಒಂದು ಫೋನ್ ಖಾಯಂ ಆಯಿತು. ಆ ಸೋಮವಾರ ಸಂಜೆ ಮಾನಸಾ ಏನೋ ಹೇಳುತ್ತಿದ್ದಳು. ನಾನು ಹಗಲಿನ ದೃಶ್ಯಗಳನ್ನು ಮತ್ತೆ ನೋಡುತ್ತ “ಹೂಂ, ಹೂಂ” ಎಂದೆ.

ಮರುದಿನ ಕೆಂಪು ಟೋಪಿ ಕಂಬಿ ಹಿಡಿದು ಎದ್ದು ನಿಂತಿತು. ನಾನು ಫ್ಯಾಕ್ಟರಿಯಲ್ಲಿ ಕುಣಿದುಬಿಟ್ಟೆ. ಅಷ್ಟರಲ್ಲಿ ಎಲೆಯ ಆ ದಿವ್ಯ ಗಳಿಗೆ ಬಂದು ಹೋಗಿತ್ತು. ಮ್ಯಾನೇಜರು ಚಹಾ ಬಾಯಿಗಿಟ್ಟು, “ಜಗದೀಶಣ್ಣ, ಇದು ಟೀನಾ, ಬಾಣಂತಿ ಕಷಾಯನಾ?” ಎಂದರು.

ಸಂಜೆ ಚಿನ್ನಿಯನ್ನು ಮಂಚದ ಕಾಲಿಗೆ ಹಿಡಿಸಿ ನಿಲ್ಲಿಸಿದೆ. ದೊಪ್ಪನೆ ಕೂತಳು. ಮತ್ತೆ ನಿಲ್ಲಿಸಿದೆ, ಮತ್ತೆ ಕೂತಳು. “ಸೆಂಟರಲ್ಲಿ ನಿಲ್ಲುವ ಕೂಸು ಮನೇಲಿ ಯಾಕೆ ನಿಲ್ಲಲ್ಲ? ನೀನು ಮುದ್ದು ಮಾಡಿ ಕೆಡಿಸಿದ್ದೀಯ,” ಎಂದು ಮಾನಸಾಳ ಮೇಲೆ ಹರಿಹಾಯ್ದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. ಬಾಯಿ ತೆರೆದಳು, ಅವ್ವೆಯ ಕಡೆ ನೋಡಿ ಮುಚ್ಚಿಕೊಂಡಳು. ಅವ್ವೆ ಯಾಕೋ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಚಿನ್ನಿಯ ತಲೆಗೂದಲನ್ನು ಮೂಸಿದೆ. ಸಾಂಬ್ರಾಣಿ! ಹದವಾದ ಹೊಗೆ, ಸ್ವಲ್ಪ ಬೆಳ್ಳುಳ್ಳಿ ರಸಂ. “ಆಹಾ, ಸೆಂಟರಲ್ಲಿ ಸಾಂಬ್ರಾಣಿ ಕೂಡ ಹಿಡೀತಾರೆ. ಹಳೆಯದೂ ಹೊಸದೂ ಎರಡೂ ಇದೆ,” ಎಂದೆ. ಮಾನಸಾ ಕೆಮ್ಮಿದಳು.

ಏನೇ ಆಗಲಿ, ಕೂಸು ಹೊಂದಿಕೊಂಡಿತ್ತು. ಬೆಳಿಗ್ಗೆ ಹೊರಡುವಾಗ ಅಳುತ್ತಿರಲಿಲ್ಲ, ಬಸ್ ಕಂಡರೆ ಕೈಕಾಲು ಆಡಿಸುತ್ತಿದ್ದಳು. ಮಾನಸಾ ಕೆಲಸ ಬಿಡುವ ಮಾತೆತ್ತಲಿಲ್ಲ. ತರಗತಿಯ ಹುಡುಗಿಯರ ಚೇಷ್ಟೆಗಳನ್ನು ಹೇಳಿಕೊಂಡು ಹಳೆಯ ಹಾಗೆ ನಗುತ್ತಿದ್ದಳು. ಎಲ್ಲ ನನ್ನ ದೂರದೃಷ್ಟಿಯ ಫಲವೆಂದು ನಾನು ಹಟ್ಟಿಯಲ್ಲಿ ಎದೆಯುಬ್ಬಿಸಿ ನಡೆದೆ.

ಶನಿವಾರ ಮಾನಸಾಳಿಗೆ ಅರ್ಧ ದಿನ ಶಾಲೆ, ನನಗೆ ರಜೆ. ಸೆಂಟರಿನವರಿಗೆ ಧನ್ಯವಾದ ಹೇಳಿ ಮಗಳನ್ನು ನಾನೇ ಕರೆತಂದು ಎಲ್ಲರನ್ನೂ ಬೆರಗಾಗಿಸೋಣ ಎಂದು, ನಮ್ಮ ಫ್ಯಾಕ್ಟರಿಯ ಒಳ್ಳೆಯ ಟೀ ಪೊಟ್ಟಣ ಹಿಡಿದು ಊಟಿಗೆ ಹೋದೆ. ಕೆಂಪು ಟೋಪಿ ಜಿರಾಫೆಯ ಕೆಳಗೆ ಬೆನ್ನು ಹಾಕಿ ನಿಂತಿತ್ತು. “ನನ್ನ ಬಂಗಾರ!” ಎಂದು ಬಾಚಿ ಎತ್ತಿಕೊಂಡೆ.

ಕೂಸು ನನ್ನನ್ನು ನೋಡಿತು. ನಾನು ಕೂಸನ್ನು ನೋಡಿದೆ. ಅದು ಕೈ ಚಾಚಿ ನನ್ನ ಪ್ರಸಿದ್ಧ ಮೂಗನ್ನು ಹಿಡಿದು ತಿರುಚಿ, ಊಟಿಯೇ ಕೇಳುವಂತೆ ಕಿರುಚಿತು.

“ಯಾರು ಸಾರ್ ನೀವು?” ಮೇಡಂ ಓಡಿ ಬಂದರು.

“ಇವಳ ಅಪ್ಪ.”

“ಇವಳ? ಇದು ಗಂಡುಮಗು ಸಾರ್!” ಎಂದವರು ನನ್ನ ದನಿ ಗುರುತಿಸಿ ಕಣ್ಣರಳಿಸಿದರು. “ಅಯ್ಯೋ, ಸಾಕ್ಸ್ ಸಾರ್ ನೀವೇನಾ?” ಹಿಂದೆ ನಿಂತಿದ್ದ ಆಯಾಗಳೆಲ್ಲ ‘ಸಾಕ್ಸ್ ಸಾರ್, ಸಾಕ್ಸ್ ಸಾರ್’ ಎಂದು ನನ್ನ ದರ್ಶನಕ್ಕೆ ನೆರೆದರು.

ಅದೇ ಹೊತ್ತಿಗೆ ಬಾಗಿಲಲ್ಲಿ ನವೀನ್ ಬಂದ. ನಮ್ಮ ಹಟ್ಟಿಯ ಕೊನೆಯ ಮನೆಯವನು, ತರಕಾರಿ ಲಾರಿ ಓಡಿಸುತ್ತಾನೆ. “ಅಣ್ಣ, ನಮ್ಮ ಶಿವನ್ನ ನೋಡೋಕೆ ಬಂದ್ರಾ? ಅವ್ವೆ ಹೆಣೆದ ಟೋಪಿ ತಲೆಯಿಂದ ತೆಗೆಯೋಕೇ ಬಿಡಲ್ಲ ನೋಡಿ!”

ಕೂಸನ್ನು ಅವನ ಕೈಗಿಟ್ಟು ಮಾನಸಾಳಿಗೆ ಫೋನ್ ಮಾಡಿದೆ. “ಚಿನ್ನಿ ಎಲ್ಲಿ?”

“ಮಲರ್‌ಕೊಡಿ ಅಕ್ಕನ ಮನೇಲಿ. ಸೋಮವಾರ ಸೆಂಟರ್ ಬಾಗಿಲಲ್ಲೇ ಉಸಿರು ಕಟ್ಟಿ ಅತ್ತಳು, ಕಟ್ಟಿದ ವಾರದ ಫೀಸು ಹೋದ್ರೆ ಹೋಗ್ಲಿ ಅಂತ ಮೇಡಂಗೆ ಹೇಳಿ ಅಕ್ಕನ ಹತ್ರ ಬಿಟ್ಟೆ. ಅವತ್ತು ಸಂಜೆನೇ ಹೇಳಿದೆನಲ್ಲ. ನೀವು ಫೋನ್ ನೋಡ್ಕೊಂಡು ಹೂಂ ಅಂದ್ರಿ.”

“ಮತ್ತೆ ನಾನು ಅವಳನ್ನ ನಿಲ್ಲಿಸಿದಾಗ, ಸಾಂಬ್ರಾಣಿ ಮೂಸಿದಾಗ...”

“ಆಗಲೇ ಅತ್ತೆಗೂ ನನಗೂ ಗೊತ್ತಾಯ್ತು. ನಿಮ್ಮ ಖುಷಿ ನೋಡಿ ಹೇಳೋಕೆ ಮನಸ್ಸು ಬರಲಿಲ್ಲ. ಅತ್ತೆ ಅಂತೂ, ವಾರ ಮುಗಿಯೋವರೆಗೆ ಹೇಳ್ಬೇಡ, ಎನಗೆ ಇದಕ್ಕಿಂತ ಒಳ್ಳೆ ಸೀರಿಯಲ್ ಇಲ್ಲ ಅಂದ್ರು.”

ಅಕ್ಕನ ಮನೆಗೆ ಓಡಿದೆ. ಬೀದಿಯ ತಿರುವಿನಲ್ಲೇ ಸಾಂಬ್ರಾಣಿ ವಾಸನೆ ಬಂತು. ಪಾಪ, ನನ್ನ ಮೂಗು ವಾರವಿಡೀ ಸತ್ಯವನ್ನೇ ಹೇಳುತ್ತಿತ್ತು. ಒಳಗೆ ಚಿನ್ನಿ ಅಕ್ಕನ ಮಡಿಲಲ್ಲಿ ಕೂತು, ಅನ್ನ ಮೆತ್ತಿದ ಮುಖದಲ್ಲಿ ಕಿಲಕಿಲ ನಗುತ್ತಿದ್ದಳು. ಆ ನಗು ನೋಡಿ ನನಗಾದ ಸಂತೋಷವನ್ನು ಹೇಳಲಾರೆ. ಬಾ ಎಂದು ಕೈ ಚಾಚಿದರೆ ಅವಳು ಅಕ್ಕನ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು.

“ಅಕ್ಕ, ಇಲ್ಲೊಂದು ಕ್ಯಾಮೆರಾ...” ಎಂದು ಶುರುಮಾಡಿದೆ.

“ಅದೆಲ್ಲ ಯಾಕೆ ತಂಬಿ? ಕಿಟಕಿ ಇದೆಯಲ್ಲ, ಬಂದು ನೋಡಿ. ಬರುವಾಗ ಇಂಥ ಟೀ ತಗೊಂಡು ಬನ್ನಿ,” ಎಂದು ನನ್ನ ಕೈಯಲ್ಲಿದ್ದ ಪೊಟ್ಟಣವನ್ನು ತೆಗೆದುಕೊಂಡು ಮೂಸಿ ತಲೆದೂಗಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ನವೀನ್ ಮನೆಗೆ ಬಂದ. “ಅಣ್ಣ, ನಾನು ಲಾರಿ ಓಡಿಸ್ತಾ ಫೋನ್ ನೋಡೋಕಾಗಲ್ಲ, ನನ್ನ ಹೆಂಡ್ತಿ ಸುಗನ್ಯಾಗೂ ಕೆಲಸದ ಅಂಗಡೀಲಿ ಬಿಡಲ್ಲ. ನಿಮಗೆ ಹೇಗೂ ರೂಢಿ ಆಗಿದೆ. ಸಾಕ್ಸ್ ಹಾಕಿಸೋಕೆ ಶುರುಮಾಡಿದ ಮೇಲೆ ಅವನಿಗೆ ನೆಗಡಿನೇ ಬಂದಿಲ್ಲ. ನೀವೇ ನೋಡ್ಕೊಳ್ಳಿ,” ಎಂದು ತನ್ನ ಆ್ಯಪಿನ ಪಾಸ್‌ವರ್ಡ್ ಕೊಟ್ಟ. ಒಳಗಿನಿಂದ ಅತ್ತೆ ಸೊಸೆಯರ ನಗು ಕೇಳಿಸಿತು.

ಖಂಡಿತ ಆಗದು ಎನ್ನಬೇಕೆಂದುಕೊಂಡೆ. ಆದರೆ ಇವತ್ತು ಮ್ಯಾನೇಜರು ಮತ್ತೆ ನನ್ನ ಚಹಾಕ್ಕೆ ಮುಖ ಕಿವುಚಿದ್ದಾರೆ. ನಾನೇನು ಮಾಡಲಿ? ಬೆಳಿಗ್ಗೆಯಿಂದ ಶಿವ ಗಂಜಿ ಸರಿಯಾಗಿ ತಿಂದಿಲ್ಲ, ನನಗೆ ಕೆಲಸದಲ್ಲಿ ಮನಸ್ಸೇ ಇಲ್ಲ.